ಫ್ರಿಜ್ ಮೇಲಿನ ಕ್ಲೋವರ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಅಕ್ಕ ಫ್ರೀಡಾ ಹೇಳುತ್ತಾಳೆ. ಇರಲಿ ಬಿಡಿ. ಹತ್ತೊಂಬತ್ತು ವರ್ಷದಿಂದ ಮನೆಯ ಕೆಳಗಿನ ಅರ್ಧವನ್ನು ಮುಂಗುಸಿಯಂಥ ಸಾಕುಪ್ರಾಣಿಗಳಾದ ಫೆರೆಟ್‌ಗಳಿಗೆ ಬಿಟ್ಟುಕೊಟ್ಟಿದ್ದೇನೆ. ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಹೆದ್ದಾರಿ ಪಕ್ಕ ಬಿಟ್ಟುಹೋದವು, ಮಕ್ಕಳಿಗೆ ಬೇಜಾರಾಯಿತೆಂದು ಗಾರೇಜಿಗೆ ಬಿದ್ದವು, ಊಟವಿಲ್ಲದೆ ಮೂಳೆ ಚಕ್ಕಳವಾದವು, ಎಲ್ಲ ಕೊನೆಗೆ ಬರುವುದು ನನ್ನ ಬಾಗಿಲಿಗೆ. ಇಷ್ಟು ನೋಡಿದ ಮೇಲೂ ಕೋಪ ಬಾರದಿದ್ದರೆ ಅದು ಮೂಗಲ್ಲ, ಬರೀ ಉಸಿರಾಡುವ ತೂತು.

ನನ್ನಿಂದ ಫೆರೆಟ್ ಪಡೆಯುವುದು ಸುಲಭವಲ್ಲ. ನಾಲ್ಕು ಪುಟದ ಅರ್ಜಿ, ಇಪ್ಪತ್ತೆರಡು ಪ್ರಶ್ನೆ. ಆಮೇಲೆ ನಾನೇ ಅವರ ಮನೆಗೆ ಹೋಗಿ ಒಲೆಯ ಹಿಂದೆ, ಮಂಚದ ಕೆಳಗೆ, ಬಾಗಿಲ ಸಂದಿಗೆ ಟಾರ್ಚ್ ಬಿಟ್ಟು ನೋಡುತ್ತೇನೆ. ಗಿಡ್ಡ ಕಾಲು, ಉದ್ದ ಮೈ, ಕಣ್ಣ ಸುತ್ತ ಕಳ್ಳನ ಹಾಗೆ ಕಪ್ಪು ಪಟ್ಟಿ. ಎರಡು ಬೆರಳಗಲ ಸಂದು ಸಿಕ್ಕರೆ ಸಾಕು, ನೀರಿನ ಹಾಗೆ ಹರಿದು ಮಾಯವಾಗುವ ಪ್ರಾಣಿ ಅದು. ಕೊಟ್ಟ ಮೇಲೆ ಪ್ರತಿ ಕ್ರಿಸ್‌ಮಸ್‌ಗೆ ಫೋಟೋ ಕಳಿಸಬೇಕು. ಸಾಕಲು ಆಗದಿದ್ದರೆ ಬೇರೆ ಯಾರಿಗೂ ಕೊಡುವಂತಿಲ್ಲ, ನನಗೇ ವಾಪಸ್ ತರಬೇಕು. ಹಾಗೆ ವಾಪಸ್ ತಂದವರ ಹೆಸರನ್ನು ಬಾಗಿಲ ಪಕ್ಕದ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೆ. ಮೇಲೆ ತಲೆಬರಹ: 'ಕೈಬಿಟ್ಟವರು'. ಒಳಗೆ ಕಾಲಿಡುವವರು ಮೊದಲು ಅದನ್ನು ಓದಲಿ, ನಾಲ್ಕು ಸಲ ಯೋಚಿಸಲಿ ಎಂಬುದು ನನ್ನ ಉದ್ದೇಶ. ಹಿಂದಿನ ಆರು ವರ್ಷದಲ್ಲಿ ಆ ಹಲಗೆಗೆ ಒಂದು ಹೆಸರೂ ಸೇರಿರಲಿಲ್ಲ. ನನಗೆ ಅದರ ಬಗ್ಗೆ ಹೆಮ್ಮೆ ಇತ್ತು, ಹೇಳಿಕೊಳ್ಳುವುದಕ್ಕೆ ಈಗ ನಾಚಿಕೆ.

ಮಾರ್ಚ್ ಮೊದಲ ಗುರುವಾರ ಒಂದು ಫೋನ್ ಬಂತು. ಗಂಡಸಿನ ಗೊಗ್ಗರು ದನಿ.

"ಮೇಡಂ, ನನ್ನ ಹತ್ರ ಎರಡು ಫೆರೆಟ್ ಇದ್ವು. ಗಂಡು ಹೋದ ವಾರ ಸತ್ತೋಯ್ತು. ಹೆಣ್ಣು ಅವತ್ತಿಂದ ತಟ್ಟೆ ಮುಟ್ತಿಲ್ಲ. ನನ್ನ ಬೆರಳಿಗೆ ಹಚ್ಚಿದ್ದನ್ನ ಸ್ವಲ್ಪ ನೆಕ್ತಾಳೆ, ಅಷ್ಟೇ. ಇಡೀ ದಿನ ಅವನ ಜೋಲೀಲೇ ಬಿದ್ದಿರ್ತಾಳೆ."

"ಸತ್ತಿದ್ದನ್ನ ಅವಳಿಗೆ ತೋರಿಸಿದ್ರಾ?"

"ತೋರಿಸ್ದೆ. ಮೂಸಿದ್ಲು, ಕಿವಿ ನೆಕ್ಕಿದ್ಲು, ಕುತ್ತಿಗೆ ಕಚ್ಚಿ ಎಳ್ಕೊಂಡ್ ಹೋಗೋಕೆ ನೋಡಿದ್ಲು. ಬರ್ಲಿಲ್ಲ. ಆಮೇಲೆ ಹೋಗಿ ಮಲ್ಕೊಂಡ್ಬಿಟ್ಲು."

ತಿಳಿದವನೇ ಅಂದುಕೊಂಡೆ. ತೋರಿಸದಿದ್ದರೆ ಉಳಿದದ್ದು ಮನೆಯ ಮೂಲೆ ಮೂಲೆ ಹುಡುಕುತ್ತಲೇ ಇರುತ್ತದೆ. ಇದು ಪುಸ್ತಕ ಓದಿದವರಿಗೆ ಗೊತ್ತಾಗುವ ವಿಷಯವಲ್ಲ.

"ವಯಸ್ಸೆಷ್ಟು?"

"ಆರು ದಾಟಿರ್ಬೇಕು. ಡೇಟನ್ ಹತ್ರ ಮನೇಲೇ ಫೆರೆಟ್ ಸಾಕಿ ಮರಿ ಕೊಡೋ ಒಬ್ರು ಇದಾರಲ್ಲ, ಮೊದ್ಲು ಅವ್ರಿಗೆ ಕೇಳ್ದೆ. ಮುದುಕಿ ಮೇಲೆ ಮರಿ ಬಿಟ್ರೆ ಅದು ಕುಣಿದೂ ಕುಣಿದೂ ಅವಳ ಪ್ರಾಣ ಹಿಂಡುತ್ತೆ, ನಾನು ಕೊಡಲ್ಲ, ದೊಡ್ಡದೇ ನೋಡಿ, ವರ್ನಾ ಹತ್ರ ಹೋಗಿ ಅಂತ ನಿಮ್ಮ ನಂಬರ್ ಕೊಟ್ರು."

ಮನೆಬಾಗಿಲಿಗೆ ಬಂದ ಗಿರಾಕಿಯನ್ನು ಹೀಗೆ ಬೇರೆ ಕಡೆ ಕಳಿಸುವ ತಳಿಗಾರರು ಈ ಓಹಾಯೋ ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ಆಕೆ ಕಳಿಸಿದ್ದರೆ ಸರಿ. ಶನಿವಾರ ಹತ್ತು ಗಂಟೆಗೆ ಹೆಣ್ಣನ್ನು ಕರೆದುಕೊಂಡು ಬನ್ನಿ ಎಂದೆ. ನಮ್ಮಲ್ಲಿ ಜೊತೆ ಆರಿಸುವುದು ಮನುಷ್ಯರಲ್ಲ. ನೆಲದ ಮೇಲೆ ಬಿಡುತ್ತೇವೆ, ಫೆರೆಟ್ಟೇ ಆರಿಸಿಕೊಳ್ಳುತ್ತದೆ.

ಶನಿವಾರ ಬಾಗಿಲು ತೆಗೆದದ್ದು ಅಕ್ಕ. ಬಂದವನು ಆರಡಿ ಮೀರಿದ ಆಳು, ಅರವತ್ತರ ಆಸುಪಾಸು, ಕೈಯಲ್ಲಿ ಪೆಟ್ಟಿಗೆ, ತಲೆಯ ಮೇಲೆ ಟೋಪಿ. ಒಳಗೆ ಬರದೆ ಹಲಗೆಯ ಮುಂದೆ ನಿಂತು ಓದುತ್ತಿದ್ದ.

"ನನ್ನ ಹೆಸರು ಇದ್ರಲ್ಲಿಲ್ಲ," ಎಂದ.

"ಯಾಕಿರ್ಬೇಕು?" ಎಂದೆ ನಾನು.

"ಅದೇ ಅಂದೆ. ನೀವು ಕೊಟ್ಟಿದ್ರೆ ತಾನೇ ನಾನು ವಾಪಸ್ ತರೋದು! ಐದು ವರ್ಷ ಆಗ್ತಾ ಬಂತು ಮೇಡಂ. ಡೆಲ್ಬರ್ಟ್ ಕ್ರೌಸ್. ಟ್ರಕ್ ಡ್ರೈವರ್. ನೀವು ಆಗಲ್ಲ ಅಂದ್ರಿ."

ನೆನಪಾಗಲಿಲ್ಲ. ನಾನು ಆಗಲ್ಲ ಅಂದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಹೆದ್ದಾರಿ ಮುಟ್ಟುತ್ತದೆ.

"ಮತ್ತೆ ಇದು ಎಲ್ಲಿಂದ ಬಂತು?"

"ಹೇಳ್ತೀನಿ. ಮೊದ್ಲು ಇವಳನ್ನ ನೋಡಿ."

ಅಡುಗೆಮನೆಯ ನೆಲದ ಮೇಲೆ ಪೆಟ್ಟಿಗೆ ಇಟ್ಟು ಮುಚ್ಚಳ ತೆಗೆದ. ಒಳಗೆ ಒಂದು ಹಳೆಯ ಉಣ್ಣೆ ಕಾಲುಚೀಲದೊಳಗೆ ತೂರಿಕೊಂಡು ಅವಳು ಮಲಗಿದ್ದಳು. ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಎರಡೂ ಕಡೆ ಜೋತುಬಿದ್ದಳು. ಹೊಸಬರಾಗಿದ್ದರೆ ಸತ್ತೇ ಹೋಗಿದೆ ಅಂತ ಕಿರುಚುತ್ತಿದ್ದರು, ಫೆರೆಟ್‌ಗಳ ನಿದ್ದೆ ಅಂಥದ್ದು. ಆತ ಗಾಬರಿಯಾಗಲಿಲ್ಲ. ಅವಳ ಕಿವಿಯ ಹತ್ತಿರ ಬಗ್ಗಿ, "ಬಾಸ್, ಊರು ಬಂತು, ಇಳಿ," ಎಂದ. ಅವಳು ಒಂದು ಕಣ್ಣು ತೆರೆದಳು.

"ಹೆಸರು ಬಾಸಾ?" ಅಕ್ಕನಿಗೆ ನಗು.

"ಟ್ರಕ್ ಎಲ್ಲಿ ನಿಲ್ಲಿಸ್ಬೇಕು ಅಂತ ಹೇಳೋದು ಇವಳೇ ಅಲ್ವಾ? ಸತ್ತೋದೋನು ಕ್ಲಚ್."

ನನ್ನ ಬಾಗಿಲು ದಾಟುವ ಪ್ರತಿ ಫೆರೆಟ್‌ನ ಹೆಗಲ ಮೇಲೆ, ಚರ್ಮದಡಿಯ ಗುರುತಿನ ಚಿಪ್ ಓದುವ ಯಂತ್ರ ಆಡಿಸುವುದು ನಿಯಮ. ಕಳೆದುಹೋದದ್ದೋ ಕದ್ದದ್ದೋ ಇದ್ದರೆ ಗೊತ್ತಾಗಲಿ ಅಂತ. ಸುಮ್ಮನೆ ಅಭ್ಯಾಸಬಲದಿಂದ ಆಡಿಸಿದೆ. ಯಂತ್ರ ಕೀ ಎಂದಿತು. ಹದಿನೈದು ಅಂಕೆಗಳು ಮೂಡಿದವು. ಮೊದಲ ಒಂಬತ್ತು ಅಂಕೆ ಓದುತ್ತಿದ್ದ ಹಾಗೆಯೇ ನನಗೆ ಗುರುತು ಸಿಕ್ಕಿತು. ಆ ಸಾಲಿನ ಚಿಪ್‌ಗಳನ್ನು ತರಿಸಿ ಹಾಕಿಸಿದವಳು ನಾನೇ.

ದಾಖಲೆ ಪುಸ್ತಕ ತೆಗೆದೆ. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ನಿಂತಿತು. 'ಕ್ಲೋವರ್. ಹೆಣ್ಣು. ಒಂದು ವರ್ಷ. ಎಡ ಹಿಂಗಾಲಿನಲ್ಲಿ ಎರಡು ಬೆರಳಿಲ್ಲ. ಜೂನ್ ತಿಂಗಳು, ಹೋಲ್ಬ್ರೂಕ್ ಕುಟುಂಬಕ್ಕೆ.'

ಇದು ಸಾಧ್ಯವೇ ಇರಲಿಲ್ಲ. ಯಾಕೆಂದರೆ ಕ್ಲೋವರ್ ನನ್ನ ಬೆನ್ನ ಹಿಂದೆ ಫ್ರಿಜ್ ಮೇಲಿದ್ದಳು. ಹೋದ ಡಿಸೆಂಬರಿನ ಫೋಟೋ ಕಾರ್ಡು, ಹಸಿರು ಟೋಪಿ, ಹಸಿರು ಅಂಗಿ. ಅದರ ಕೆಳಗೆ ಅದರ ಹಿಂದಿನ ವರ್ಷದ್ದು, ಕೆಂಪು ಚೀಲದೊಳಗೆ ಕೂತದ್ದು. ಒಟ್ಟು ಐದು ಕಾರ್ಡು. ಜನೆಲ್ ಹೋಲ್ಬ್ರೂಕ್ ಒಂದು ವರ್ಷವೂ ತಪ್ಪಿಸಿದವಳಲ್ಲ. ಹೊಸದಾಗಿ ಅರ್ಜಿ ಹಾಕುವವರಿಗೆಲ್ಲ ಆ ಕಾರ್ಡು ತೋರಿಸಿ, ನೋಡಿ, ಸಾಕುವುದು ಅಂದರೆ ಹೀಗೆ ಅಂತ ನಾನು ಪಾಠ ಹೇಳುತ್ತಿದ್ದೆ.

ಬಾಸ್‌ಳ ಎಡ ಹಿಂಗಾಲು ಹಿಡಿದು ನೋಡಿದೆ. ಮೂರೇ ಬೆರಳು.

ನನಗೆ ತಲೆ ಕೆಟ್ಟುಹೋಯಿತು. ಮೊದಲು ಬಾಯಿಗೆ ಬಂದದ್ದನ್ನೇ ಹೇಳಿಬಿಟ್ಟೆ. "ಎಲ್ಲಿ ಕದ್ದೆ ಇವಳನ್ನ?"

ಆ ಮನುಷ್ಯ ಮುಖಕ್ಕೆ ಹೊಡೆಸಿಕೊಂಡವನ ಹಾಗೆ ಹಿಂದೆ ಸರಿದ. "ಕದ್ದೆ ಅಂದ್ರೆ?"

"ಇವಳು ನಾನು ಒಳ್ಳೆ ಮನೆಗೆ ಕೊಟ್ಟಿರೋ ಫೆರೆಟ್. ನಾನು ಕೊಡಲ್ಲ ಅಂದೆ, ನೀನು ಹೋಗಿ ಅವ್ರ ಮನೆಯಿಂದ ಎತ್ಕೊಂಡ್ ಬಂದೆ. ಚಿಪ್ ಸುಳ್ಳು ಹೇಳಲ್ಲ!"

"ವರ್ನಾ, ಮೊದ್ಲು ಅವ್ರ ಮಾತು ಕೇಳು," ಎಂದಳು ಅಕ್ಕ.

"ಪೇಪರಲ್ಲಿ ಜಾಹೀರಾತು ಇತ್ತು ಮೇಡಂ," ಎಂದ ಆತ. ದನಿ ಏರಿಸಲಿಲ್ಲ, ಆದರೆ ಕಿವಿ ಕೆಂಪಾಗಿತ್ತು. "ಮನೆ ಮುಂದೆ ಹಳೇ ಸಾಮಾನಿನ ಮಾರಾಟ, ಅದ್ರಲ್ಲಿ ಫೆರೆಟ್ ಪಂಜರಾನೂ ಇದೆ ಅಂತ. ನೀವು ಇಲ್ಲ ಅಂದ ಎರಡು ವಾರದ ಮೇಲೆ. ಹೋಗಿ ನೋಡಿದ್ರೆ ಇಸ್ತ್ರಿ ಪೆಟ್ಟಿಗೆ, ಮಕ್ಕಳ ಸೈಕಲ್ಲು, ಪಕ್ಕದಲ್ಲಿ ಪಂಜರ. ಪಂಜರದೊಳಗೆ ಇವಳು. ಬಿಸಿಲಿಗೆ ಕಣ್ಣು ಮುಚ್ಕೊಂಡು ಕೂತಿದ್ಲು. ಪಂಜರ ತಗೊಂಡ್ರೆ ಪ್ರಾಣಿ ಪುಕ್ಕಟೆ ಅಂತ ಒಂದು ಚೀಟಿ ಅಂಟಿಸಿದ್ರು."

ಚೀಟಿ! ಇಸ್ತ್ರಿ ಪೆಟ್ಟಿಗೆಯ ಪಕ್ಕ ಚೀಟಿ ಅಂಟಿಸಿ! 

"ಯಾವ ಮನೆ?"

"ಎಲ್ಮ್ ಬೀದಿ. ಹಳದಿ ಬಾಗಿಲು. ಮುಂದೆ ದೊಡ್ಡ ಮೇಪಲ್ ಮರ."

ಆ ಹಳದಿ ಬಾಗಿಲಿನೊಳಗೆ ನಾನು ಕೂತು ನಿಂಬೆ ಕೇಕ್ ತಿಂದಿದ್ದೆ. ಒಲೆಯ ಹಿಂದಿನ ತೂತನ್ನು ನಾನು ಹೇಳುವ ಮೊದಲೇ ಅವರು ಮುಚ್ಚಿದ್ದರು. ಅಷ್ಟು ಚೊಕ್ಕ ಮನೆಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆ ಐದು ಕಾರ್ಡುಗಳನ್ನು ಫ್ರಿಜ್‌ನಿಂದ ಕಿತ್ತು ಮೇಜಿನ ಮೇಲೆ ಸಾಲಾಗಿ ಹರಡಿದೆ. ಐದರಲ್ಲೂ ಟೋಪಿ, ಅಂಗಿ, ಚೀಲ, ಕಂಬಳಿ. ಒಂದರಲ್ಲೂ ಹಿಂಗಾಲು ಕಾಣುತ್ತಿರಲಿಲ್ಲ. ಮುಖದ ಮೇಲಿನ ಪಟ್ಟಿಯೂ ಕ್ಲೋವರ್‌ಗಿಂತ ತೆಳು, ಮೈಬಣ್ಣವೂ ತಿಳಿ. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ ಅಂತಲ್ಲ. ಮೊದಲ ಕಾರ್ಡು ಬಂದಾಗಲೇ ಬಿದ್ದಿತ್ತು. ಚಳಿಗಾಲಕ್ಕೆ ಫೆರೆಟ್ ರೋಮ ಬದಲಿಸುತ್ತದೆ, ಬಣ್ಣ ತಿಳಿಯಾಗುತ್ತದೆ, ಪಟ್ಟಿ ಮಾಸುತ್ತದೆ. ಇದು ಗೊತ್ತಿಲ್ಲದ ಯಾರೇ ಆಗಿದ್ದರೂ, ಇದು ಬೇರೆ ಫೆರೆಟ್ ಅಲ್ಲವಾ ಅಂತ ಕೇಳುತ್ತಿದ್ದರು. ಅಕ್ಕ ಕೇಳಿಯೂ ಇದ್ದಳು. ನಿನಗೇನು ಗೊತ್ತು, ಚಳಿಗಾಲದ ರೋಮ ಅದು ಅಂತ ನಾನೇ ಅವಳ ಬಾಯಿ ಮುಚ್ಚಿಸಿದ್ದೆ. ಹತ್ತೊಂಬತ್ತು ವರ್ಷದ ಅನುಭವ ನನ್ನ ಕಣ್ಣಿಗೇ ಮಣ್ಣು ಹಾಕಿತ್ತು.

"ಏನೇ ಆಗ್ಲಿ, ಇವಳು ಈ ಮನೆ ಬಿಟ್ಟು ಹೊರಗೆ ಹೋಗಲ್ಲ," ಎಂದೆ. "ಒಪ್ಪಂದದ ಪ್ರಕಾರ ಶೆಲ್ಟರಿಗೆ ವಾಪಸ್ ಬರ್ಬೇಕು. ನಿನ್ನನ್ನ ನಾನು ಒಪ್ಪಿಲ್ಲ."

ಡೆಲ್ಬರ್ಟ್ ಕ್ರೌಸ್ ಟೋಪಿ ತೆಗೆದ. ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಪಕ್ಕ ಕೂತ.

"ಜೊತೆ ಹುಡ್ಕೋಣ ಅಂತ ಬಂದೆ. ಇರೋಳನ್ನೇ ಕಿತ್ಕೋತೀನಿ ಅಂತೀರಾ. ಸರಿ, ಪೊಲೀಸ್ರನ್ನ ಕರೀರಿ. ಇವಳು ತಟ್ಟೆಗೆ ಬಾಯಿ ಹಾಕೋ ತನಕ ನಾನು ಏಳಲ್ಲ. ಮೂವತ್ತೊಂದು ವರ್ಷ ಟ್ರಕ್ ಓಡಿಸಿದೀನಿ, ಕೂತ್ಕೊಳ್ಳೋದು ನಂಗೆ ಹೊಸದಲ್ಲ."

ನಾನು ಜನೆಲ್‌ಗೆ ಫೋನ್ ಮಾಡಿದೆ. ನನ್ನ ಬಲಗಿವಿ ಮಂದ, ಹಾಗಾಗಿ ಯಾವಾಗಲೂ ಸ್ಪೀಕರ್ ಹಾಕುತ್ತೇನೆ. ಮೂವರೂ ಕೇಳುತ್ತಿದ್ದೆವು.

"ಜನೆಲ್, ಕ್ಲೋವರ್ ಹೇಗಿದ್ದಾಳಮ್ಮ?"

"ಓ, ಆರಾಮಾಗಿದ್ದಾಳೆ ಮೇಡಂ! ಈಗ ತಾನೇ ತಿಂದು ಮಲಗಿದ್ಲು. ಕಾರ್ಡ್ ಬಂತಲ್ವಾ? ಆ ಹಸಿರು ಟೋಪಿ ನನ್ ಮಗಳೇ ಹೊಲಿದಿದ್ದು."

ಎಷ್ಟು ಸಲೀಸು! ನಾಲಿಗೆ ತಡವರಿಸಲಿಲ್ಲ, ಉಸಿರು ತಪ್ಪಲಿಲ್ಲ. ಇಷ್ಟು ವರ್ಷ ಹೀಗೇ ಹೇಳಿದ್ದಳು, ಹೀಗೇ ನಂಬಿದ್ದೆ.

"ಕ್ಲೋವರ್ ನನ್ನ ಅಡುಗೆಮನೇಲಿದಾಳೆ. ಚಿಪ್ ಓದಿದೀನಿ. ಬೆರಳೂ ಎಣಿಸಿದೀನಿ."

ಆ ಕಡೆ ಪಾತ್ರೆಯ ಸದ್ದು ನಿಂತಿತು. ಫೋನ್ ಇಟ್ಟುಬಿಟ್ಟಳೇನೋ ಅಂದುಕೊಂಡೆ.

"ಬದುಕಿದಾಳಾ?" ಎಂದಳು ಜನೆಲ್. ದನಿ ಪೂರ್ತಿ ಬೇರೆಯಾಗಿತ್ತು.

"ನಾಚಿಕೆ ಆಗಲ್ವಾ ನಿಂಗೆ? ಆ ಫೋಟೋದಲ್ಲಿರೋದು ಯಾರು?"

"ನನ್ ತಂಗಿ ಹತ್ರ ಒಂದಿದೆ. ಅದಕ್ಕೆ ಬಟ್ಟೆ ಹಾಕಿ... ಮೇಡಂ, ಕ್ಲೋವರ್ ಬಂದ ನಾಲ್ಕು ತಿಂಗ್ಳಿಗೆ ಮಗೂಗೆ ಉಬ್ಬಸ ಶುರುವಾಯ್ತು. ಡಾಕ್ಟ್ರು ಮನೇಲಿ ರೋಮದ ಪ್ರಾಣಿ ಬೇಡವೇ ಬೇಡ ಅಂದ್ರು."

"ಹಾಗಿದ್ರೆ ನನ್ ಹತ್ರ ತರ್ಬೇಕಿತ್ತು! ಒಪ್ಪಂದಕ್ಕೆ ಸಹಿ ಹಾಕಿದ್ದೆ ತಾನೇ?"

"ತಂದಿದ್ದೆ," ಎಂದಳು ಜನೆಲ್.

"ಏನು?"

"ತಂದಿದ್ದೆ ಮೇಡಂ. ನಿಮ್ಮ ಗೇಟ್ ತನಕ. ಅಕ್ಟೋಬರಲ್ಲಿ. ಮಡಿಲಲ್ಲಿ ಪೆಟ್ಟಿಗೆ ಇಟ್ಕೊಂಡು ಕಾರಲ್ಲಿ ಇಪ್ಪತ್ತು ನಿಮಿಷ ಕೂತಿದ್ದೆ. ನೀವು ಮೆಟ್ಟಿಲ ಮೇಲೆ ನಿಂತು ಯಾರೋ ಒಬ್ರಿಗೆ ಬೈತಿದ್ರಿ. ದೊಡ್ಡ ಆಳು, ಟೋಪಿ ಕೈಲಿ ಹಿಡ್ಕೊಂಡು ನಿಂತಿದ್ರು. ರಸ್ತೇಲಿ ಅವ್ರ ಟ್ರಕ್ ನಿಂತಿತ್ತು. ಒಂದು ಕಲ್ಲು ಸಾಕೋ ಯೋಗ್ಯತೆನೂ ನಿಂಗಿಲ್ಲ ಅಂದ್ರಿ. ಗಾಜು ಏರಿಸಿದ್ರೂ ಕೇಳಿಸ್ತು. ಬರೀ ಕೇಳೋಕೆ ಬಂದೋರಿಗೇ ಹೀಗಂದ್ರೆ, ವಾಪಸ್ ತಂದಿರೋ ನನಗೆ ಏನಂತಾರೆ ಅಂತ... ಆಮೇಲೆ ಆ ಹಲಗೆ. ನನ್ ಮಗಳ ಟೀಚರ್ ಹೆಸರಿದೆ ಅದ್ರಲ್ಲಿ. ಊರಲ್ಲಿ ಎಲ್ರಿಗೂ ಗೊತ್ತು. ಕಾರ್ ತಿರುಗಿಸ್ಬಿಟ್ಟೆ."

ನಾನು ಡೆಲ್ಬರ್ಟ್ ಕಡೆ ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ. ಅವನ ಕೈಯಲ್ಲಿದ್ದ ಟೋಪಿ ಮಾತ್ರ ಕಾಣುತ್ತಿತ್ತು.

"ಅದಕ್ಕೆ ಬೀದೀಲಿ ಮಾರಿದ್ಯಾ?" ಎಂದೆ. ನನ್ನ ದನಿಯಲ್ಲಿ ಮೊದಲಿನ ಬಿಸಿ ಉಳಿದಿರಲಿಲ್ಲ.

"ಎರಡು ಮೂರು ಜನ ಕೇಳಿದ್ರು, ಕೊಡ್ಲಿಲ್ಲ ಮೇಡಂ. ಒಬ್ಬ ಹುಡುಗನ ಕೈಲಿ ಹಾವಿತ್ತು, ಅವನಿಗೆ ಮಾರಾಟ ಆಯ್ತು ಅಂತ ಸುಳ್ಳು ಹೇಳ್ದೆ. ಆಮೇಲೆ ಅದೇ ಟ್ರಕ್ ಬಂತು. ಅದೇ ಮನುಷ್ಯ. ನನಗೆ ಗುರುತು ಸಿಕ್ತು, ಅವ್ರಿಗೆ ನಾನ್ಯಾರು ಅಂತ ಗೊತ್ತಿಲ್ಲ. ಅಷ್ಟೆಲ್ಲ ಬೈಸ್ಕೊಂಡೂ ಮತ್ತೆ ಫೆರೆಟ್ಟೇ ಹುಡುಕ್ತಿದಾರೆ ಅಂದ್ರೆ ಇವ್ರು ಚೆನ್ನಾಗಿ ನೋಡ್ಕೋತಾರೆ ಅನ್ನಿಸ್ತು. ಪುಕ್ಕಟೆ ಅಂತ ಚೀಟಿ ಬರೆದು ಅಂಟಿಸಿದ್ದು ಅವ್ರು ಟ್ರಕ್ ನಿಲ್ಲಿಸ್ತಿದ್ದಾಗ." ಅವಳು ಮೂಗು ಸೆಳೆದಳು. "ಮೇಡಂ, ಹಲಗೆ ಮೇಲೆ ನನ್ನ ಹೆಸ್ರು ಬರೀತೀರಾ?"

ನಾನು ಫೋನ್ ಇಟ್ಟೆ.

ಕಾಲ ಕೆಳಗಿನ ನೆಲ ಕುಸಿಯುವುದು ಅನ್ನುತ್ತಾರಲ್ಲ, ಹಾಗೇನೂ ಆಗಲಿಲ್ಲ. ನೆಲ ಇದ್ದ ಹಾಗೆಯೇ ಇತ್ತು. ಅದರ ಮೇಲೆ ನಿಂತಿದ್ದವಳು ಯಾರು ಅನ್ನುವುದೇ ನನಗೆ ಗೊತ್ತಾಗಲಿಲ್ಲ. ಆರು ವರ್ಷದಿಂದ ಒಂದೂ ವಾಪಸ್ ಬರಲಿಲ್ಲ ಅಂತ ಬೀಗಿದ್ದೆನಲ್ಲ, ಅದು ಒಳ್ಳೆಯ ಮನೆಗಳ ಲೆಕ್ಕವಲ್ಲ. ಹೆದರಿ ಗೇಟಿನಿಂದಲೇ ಕಾರು ತಿರುಗಿಸಿದವರ ಲೆಕ್ಕ.

ಅಕ್ಕ ಬೀರುವಿನಿಂದ ಒಂದು ಹಳೆಯ ಕಡತ ತಂದು ನನ್ನ ಮುಂದೆ ಇಟ್ಟಳು. ತಿರಸ್ಕರಿಸಿದ ಅರ್ಜಿಗಳು. "ಓದು," ಎಂದಳು. ಕ್ರೌಸ್, ಡೆಲ್ಬರ್ಟ್. ಹದಿನೇಳನೇ ಪ್ರಶ್ನೆ: ದಿನಕ್ಕೆ ಎಷ್ಟು ಗಂಟೆ ಪ್ರಾಣಿ ಒಂಟಿಯಾಗಿರುತ್ತದೆ? ಅವನ ದುಂಡು ಅಕ್ಷರ: 'ಒಂದು ಗಂಟೆಯೂ ಇಲ್ಲ. ಟ್ರಕ್ಕಿನಲ್ಲಿ ನನ್ನ ಜೊತೆಗೇ ಇರುತ್ತದೆ.' ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನನ್ನ ಅಕ್ಷರ: 'ಸುಳ್ಳುಗಾರ. ಅಲೆಮಾರಿ. ಬೇಡ.'

"ಸುಳ್ಳಾಗಿತ್ತಾ?" ಎಂದು ಕೇಳಿದೆ. ಕೇಳುವುದಕ್ಕೆ ಬೇರೇನೂ ಇರಲಿಲ್ಲ.

"ನಾಲ್ಕು ಲಕ್ಷ ಮೈಲಿ ಬಂದಿದಾಳೆ ನನ್ ಜೊತೆ," ಎಂದ ಡೆಲ್ಬರ್ಟ್. "ಹಿಂದಿನ ಮಲಗೋ ಜಾಗಕ್ಕೆ ಬಲೆ ಹಾಕಿಸ್ದೆ. ಬೇಸಿಗೇಲಿ ಎಂಜಿನ್ ಆರಿಸ್ತಿರ್ಲಿಲ್ಲ, ಇವಳಿಗೆ ಎಸಿ ತಂಪು ಬೇಕಲ್ಲ. ಅದಕ್ಕೆ ಕಂಪನಿಯೋರ ಹತ್ರ ಬೈಸ್ಕೊಂಡಿದೀನಿ. ನಿಮ್ಮ ಮುಂದೆ ಅದೆಲ್ಲ ಏನೂ ಅಲ್ಲ ಬಿಡಿ."

ಅಕ್ಕ ಕಿಸಕ್ಕನೆ ನಕ್ಕಳು. ನನಗೆ ಅಳು ಬಂತು. ನಾನು ಜನರ ಮುಂದೆ ಅಳುವವಳಲ್ಲ, ಹಾಗಾಗಿ ಎದ್ದು ಒಳಗೆ ಹೋಗಿ ಗಂಡುಗಳ ಪಂಜರದ ಮುಂದೆ ನಿಂತೆ. ಕ್ಷಮಿಸಿ ಅನ್ನುವ ಮಾತು ನನ್ನ ಬಾಯಲ್ಲಿ ಸುಲಭವಾಗಿ ಬರುವುದಿಲ್ಲ. ಅದಕ್ಕಿಂತ ಮುಂಚೆ ಅವಳಿಗೆ ಊಟ ಸೇರಬೇಕಿತ್ತು.

ಮೊದಲು ತಂದದ್ದು ಎಲ್ಲರೂ ಇಷ್ಟಪಡುವ ಬೆಳ್ಳಗಿನ ಗಂಡನ್ನು. ಎರಡರ ಹೆಗಲಿಗೂ ಮೀನೆಣ್ಣೆ ಸವರಿ ನೆಲಕ್ಕೆ ಬಿಟ್ಟೆ, ಒಬ್ಬರನ್ನೊಬ್ಬರು ನೆಕ್ಕಲಿ ಅಂತ. ಬಾಸ್ ಅವನನ್ನು ಮೂಸಲೂ ಇಲ್ಲ. ಎರಡನೆಯವನು ಅವಳ ಮೇಲೆ ಹಾರಿದ. ಅವಳು ಬುಸ್ ಎಂದು ಪೆಟ್ಟಿಗೆ ಸೇರಿದಳು. ನಾನು ತಟ್ಟೆಯಲ್ಲಿ ಮಾಂಸದ ಗಂಜಿ ತಂದಿಟ್ಟೆ, ಡೆಲ್ಬರ್ಟ್ ಅದನ್ನು ಬೆರಳಿಗೆ ಹಚ್ಚಿ ಹಿಡಿದ. ಮುಖ ತಿರುಗಿಸಿದಳು. ಹತ್ತಿರದಿಂದ ನೋಡಿದಾಗ ಅವಳ ಬೆನ್ನುಮೂಳೆ ಎಣಿಸುವ ಹಾಗಿತ್ತು.

"ಬೆರಳೂ ಬೇಡ್ವಾ?" ಎಂದ ಅವನು. "ನಿನ್ನೆ ತನಕ ಬೆರಳು ನೆಕ್ತಿದ್ಲು ಮೇಡಂ."

ಉಳಿದವನು ಟರ್ನಿಪ್. ಎಂಟು ಜನರನ್ನು ಕಚ್ಚಿದವನು, ಒಂದು ಕಿವಿ ಅರ್ಧ, ಬಾಲದಲ್ಲಿ ರೋಮವಿಲ್ಲ. ನಾಲ್ಕು ವರ್ಷದಿಂದ ಅವನನ್ನು ಯಾರಿಗೂ ತೋರಿಸಿಯೇ ಇರಲಿಲ್ಲ. ತೋರಿಸಿದರೆ ಶೆಲ್ಟರಿಗೆ ಕೆಟ್ಟ ಹೆಸರು ಅಂತ. ತೋಳಿಗೆ ದಪ್ಪ ಟವೆಲ್ ಸುತ್ತಿಕೊಂಡು ತಂದು ಬಿಟ್ಟೆ.

ಟರ್ನಿಪ್ ಸೀದಾ ಹೋಗಿ ಪೆಟ್ಟಿಗೆಯೊಳಗಿದ್ದ ಉಣ್ಣೆ ಕಾಲುಚೀಲ ಕಚ್ಚಿಕೊಂಡ. ಸತ್ತ ಕ್ಲಚ್‌ನ ಕಾಲುಚೀಲ. ಎಳೆದುಕೊಂಡು ಒಲೆಯ ಕಡೆಗೆ ಓಡಿದ. ಬಾಸ್ ತಲೆ ಎತ್ತಿದಳು, ಒಂದು ಕ್ಷಣ ನೋಡಿದಳು, ಆಮೇಲೆ ಹತ್ತು ದಿನ ಮಲಗಿದ್ದ ಆ ಮುದುಕಿ ಬಾಣದ ಹಾಗೆ ಹೋಗಿ ಟರ್ನಿಪ್‌ನ ಕುತ್ತಿಗೆ ಕಚ್ಚಿ ಹಿಡಿದಳು. ಅವನು ಕಿರುಚಿದ. ನಾನು ಬಿಡಿಸಲು ಬಗ್ಗಿದೆ.

"ಬೇಡ, ಇರಿ," ಎಂದ ಡೆಲ್ಬರ್ಟ್. "ಅದು ಜಗಳ ಅಲ್ಲ."

ಅವಳು ಅವನನ್ನು ಎಳೆಯತೊಡಗಿದಳು. ತನಗಿಂತ ದಪ್ಪಗಿದ್ದವನನ್ನು, ಕಾಲುಚೀಲದ ಸಮೇತ, ಅಡುಗೆಮನೆಯ ಉದ್ದಕ್ಕೂ, ನಿಂತು ನಿಂತು, ಉಸಿರು ತೆಗೆದುಕೊಂಡು. ಎಂಟು ಜನರನ್ನು ಕಚ್ಚಿದ ಟರ್ನಿಪ್ ಮೈ ಸಡಿಲಬಿಟ್ಟು ಎಳೆಸಿಕೊಂಡ. ಪೆಟ್ಟಿಗೆಯವರೆಗೂ ತಂದು, ಒಳಗೆ ತುರುಕಿ, ಅವಳು ಅವನ ಅರ್ಧ ಕಿವಿಯನ್ನು ನೆಕ್ಕಿದಳು. ಸತ್ತವನನ್ನು ಎಳೆಯಲು ನೋಡಿದಾಗ ಬಂದಿರಲಿಲ್ಲ. ಇವನು ಬಂದ. ಆಮೇಲೆ ಅವಳು ಹೊರಗೆ ಬಂದು ತಟ್ಟೆಯ ಹತ್ತಿರ ಹೋಗಿ ಗಂಜಿಗೆ ಬಾಯಿ ಹಾಕಿದಳು.

ನಾವು ಮೂವರೂ ಆ ಲೊಚಲೊಚ ಸದ್ದು ಕೇಳಿದೆವು. ತಟ್ಟೆ ಖಾಲಿಯಾಯಿತು. ಡೆಲ್ಬರ್ಟ್ ಟೋಪಿಯಿಂದ ಮುಖ ಒರೆಸಿಕೊಂಡ.

"ತಿಂದ್ಲು," ಎಂದ. "ಏಳ್ತೀನಿ ಅಂದಿದ್ದೆ. ಈಗ ಹೇಳಿ ಮೇಡಂ. ಬಿಟ್ಟು ಹೋಗ್ಬೇಕಾ?"

ನಾನು ಕಂಪ್ಯೂಟರ್ ಮುಂದೆ ಕೂತೆ. ಚಿಪ್‌ನ ದಾಖಲೆ ತೆರೆದೆ. ಮಾಲೀಕರು ಅನ್ನುವಲ್ಲಿ ಹೋಲ್ಬ್ರೂಕ್ ಅಂತಿತ್ತು, ಅಳಿಸಿದೆ. "ಕ್ರೌಸ್ ಅವರೇ, ನಿಮ್ಮ ಮನೆ ವಿಳಾಸ ಹೇಳಿ," ಎಂದೆ. ಕದ್ದೆ ಅಂದಾಗಿನಿಂದ ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಆತ ಹೇಳುತ್ತಾ ಹೋದ, ನಾನು ಒತ್ತುತ್ತಾ ಹೋದೆ. ಪ್ರಾಣಿಯ ಹೆಸರು ಅನ್ನುವಲ್ಲಿ ಕ್ಲೋವರ್ ತೆಗೆದು ಬಾಸ್ ಎಂದು ಹಾಕಿದೆ. ಟರ್ನಿಪ್‌ನನ್ನೂ ಜೊತೆಗೆ ಕೊಟ್ಟೆ, ತುಂಬಲು ಅರ್ಜಿ ಕೊಡಲಿಲ್ಲ. ಕೊಡುವ ಮುಖ ನನಗಿರಲಿಲ್ಲ.

"ಅವತ್ತು ಮೆಟ್ಟಿಲ ಮೇಲೆ ನಾನು ಹಾಗಂದಿದ್ದು ತಪ್ಪು," ಎಂದೆ, ಪರದೆಯನ್ನೇ ನೋಡುತ್ತ.

"ಅಂದಿಲ್ದೇ ಇದ್ದಿದ್ರೆ ಇವಳು ನಂಗೆ ಸಿಗ್ತಿರ್ಲಿಲ್ಲ," ಎಂದ ಆತ. ನನ್ನನ್ನು ಸಮಾಧಾನಪಡಿಸಲು ಹೇಳಿದ್ದು. ಚುಚ್ಚಿದ್ದು ಅದೇ. ಅವಳು ಬದುಕಿದ್ದು ನನ್ನ ಅರ್ಜಿಯಿಂದಲ್ಲ, ನನ್ನಿಂದ ತಪ್ಪಿಸಿಕೊಂಡದ್ದರಿಂದ.

ಆತ ಇಬ್ಬರನ್ನೂ ಕರೆದುಕೊಂಡು ಹೋದ ಮೇಲೆ ಹಲಗೆ ಕಿತ್ತೆ. ನಾಲ್ಕು ಮೊಳೆ, ನಾಲ್ಕೂ ತುಕ್ಕು ಹಿಡಿದಿದ್ದವು. ಆಮೇಲೆ ಫೆರೆಟ್ ಪಡೆದ ಅರವತ್ತಮೂರು ಮನೆಗಳಿಗೆ ಒಂದೇ ಪತ್ರ ಇಮೇಲ್ ಮಾಡಿದೆ: 'ನಾನು ಕೊಟ್ಟ ಫೆರೆಟ್ ಈಗ ನಿಮ್ಮ ಹತ್ತಿರ ಇಲ್ಲದಿದ್ದರೆ, ಅಥವಾ ಇಟ್ಟುಕೊಳ್ಳಲು ಆಗದಿದ್ದರೆ, ಫೋನ್ ಮಾಡಿ. ಹಲಗೆ ತೆಗೆದಿದ್ದೇನೆ. ಬೈಯುವುದಿಲ್ಲ. ವರ್ನಾ.'

ಅಕ್ಕ ಹಿಂದಿನಿಂದ ಬಗ್ಗಿ ಓದಿದಳು. "ಬೈಯುವುದಿಲ್ಲ ಅನ್ನೋದನ್ನ ಇನ್ನೊಂದ್ಸಲ ಬರಿ. ಒಂದ್ಸಲಕ್ಕೆ ಯಾರೂ ನಂಬಲ್ಲ."

ಇನ್ನೊಂದು ಸಲ ಬರೆದು ಮತ್ತೆ ಕಳಿಸಿದೆ.

ಮೂರು ಗಂಟೆಗೆ ಮೊದಲ ಫೋನ್ ಬಂತು. ಆಮೇಲೆ ಫೋನ್ ಕೆಳಗಿಡಲು ಪುರಸೊತ್ತೇ ಆಗಲಿಲ್ಲ. ಒಬ್ಬರು ಫ್ಲಾರಿಡಾದ ಸೋದರಿಗೆ ಕೊಟ್ಟಿದ್ದರು. ಒಬ್ಬರದ್ದು ಎರಡು ವರ್ಷದ ಹಿಂದೆಯೇ ಸತ್ತಿತ್ತು, ಹೇಳಲು ಹೆದರಿ ಅಂಗಡಿಯಿಂದ ಅದೇ ಬಣ್ಣದ್ದು ತಂದು ಫೋಟೋ ತೆಗೆದಿದ್ದರು. ಒಬ್ಬ ಗಂಡಸು ಬರೀ ಅತ್ತ. ಪ್ರತಿ ಫೋನ್ ಇಟ್ಟ ಮೇಲೆ ಫ್ರಿಜ್‌ನಿಂದ ಒಂದು ಕಾರ್ಡು ತೆಗೆದೆ. ಐದು ಗಂಟೆಯ ಹೊತ್ತಿಗೆ ಇನ್ನೂ ಹನ್ನೊಂದು ಕಾರ್ಡು ಮೇಜಿನ ಮೇಲಿದ್ದವು. ಆ ಹನ್ನೊಂದೂ ನಾನು ಜನರಿಗೆ ತೋರಿಸುತ್ತಿದ್ದ ಕಾರ್ಡುಗಳು.

ಹನ್ನೆರಡನೆಯ ಫೋನ್‌ನಲ್ಲಿ ಮೊದಲು ಉಸಿರು ಮಾತ್ರ ಕೇಳಿಸಿತು. ಹೆಂಗಸು. ಹೆಸರು ಹೇಳಲಿಲ್ಲ.

"ನಮ್ದು ಗಾರೇಜಲ್ಲಿದೆ," ಎಂದಳು. "ನವೆಂಬರಿಂದ. ಒಂಟಿಯಾಗೇ ಇದೆ. ಈಗೀಗ ಜೋಲಿಯಿಂದ ಏಳ್ತಿಲ್ಲ. ನೀವು ನಿಜವಾಗ್ಲೂ ಬೈಯಲ್ಲ ತಾನೇ?"

ನವೆಂಬರಿನಿಂದ. ಓಹಾಯೋದ ಚಳಿಯಲ್ಲಿ. ಗಾರೇಜಿನಲ್ಲಿ. ಬಾಯಿಯವರೆಗೂ ಬಂತು, ಎಲ್ಲವೂ ಬಂತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲಮ್ಮ," ಎಂದೆ. "ಒಂದು ಬಿಸಿ ಟವೆಲ್‌ನಲ್ಲಿ ಸುತ್ತಿ ಒಳಗೆ ತಂದಿಟ್ಕೋ. ಮನೆ ಎಲ್ಲಿ ಹೇಳು. ನಾನೇ ಬರ್ತೀನಿ."